ಕೆಂಪು ಕೇಕು ಮತ್ತು ನನ್ನ ಷರಾ

ಅಧ್ಯಾಪಕನ ಕೈಯಲ್ಲಿರುವ ಕೆಂಪು ಮಸಿಯ ಲೇಖನಿಯಷ್ಟು ಅವಿಚಾರದ ಉಪಕರಣ ಮತ್ತೊಂದಿರಲಾರದೆಂದು ಇತ್ತೀಚೆಗೆ ನನಗೆ ತೋರತೊಡಗಿದೆ. ಹಾಗೆ ತೋರಲು ಕಾರಣವಾದ ಸಂಗತಿ ಬಹು ಸಣ್ಣದು, ಒಂದು ಕೇಕಿನದು. ಸಾಹಿತ್ಯದ ಪುಟದಲ್ಲಿ ಕೇಕಿನ ಮಾತೇಕೆಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರಲ್ಲಿ ನನ್ನ ಬಿನ್ನಹ ಇಷ್ಟೇ: ನಾನೂ ಮೊದಲು ಹಾಗೆಯೇ ಗಂಟಿಕ್ಕಿದವನು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗೋಕಾಕದ ನಮ್ಮ ಕಾಲೇಜಿನಲ್ಲಿ ಪದವಿ ತರಗತಿಯ ಹುಡುಗರಿಗೆ 'ನಮ್ಮೂರಿನ ತಿನಿಸು' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಹೇಳಿದ್ದೆ. ಬಂದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರದಂಟಿನವು. ಗೋಕಾಕದ ನೆಲದಲ್ಲಿ ಇದು ಸಹಜವೇ. ಅಮೀನಗಡದವರು ನಮ್ಮನ್ನು ಕ್ಷಮಿಸಬೇಕು. ಹುಕ್ಕೇರಿ ಸೀಮೆಯವರು ಮಾದಲಿ, ಹೋಳಿಗೆಗಳನ್ನು ಕೊಂಡಾಡಿದ್ದರು. ಇವುಗಳ ನಡುವೆ, ಮೂಡಲಗಿಯ ಹತ್ತಿರದ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಮಾತ್ರ, ತಾನು ಮನೆಯಲ್ಲಿ ಮಾಡುವ ರೆಡ್ ವೆಲ್ವೆಟ್ ಸ್ಯಾಂಡ್‌ವಿಚ್ ಕೇಕಿನ ಬಗ್ಗೆ ಬರೆದಿದ್ದಳು. ಅಂಗೈಯಗಲದ ಎರಡು ಕೆಂಪು ಕೇಕುಗಳು; ಅವುಗಳ ನಡುವೆ ಬಿಳಿಯ ಕ್ರೀಮ್ ಚೀಸಿನ ಹೂರಣ. ನಾನು ಮೊದಲ ಪುಟ ಓದಿ, ಅಂಚಿನಲ್ಲಿ "ಬರವಣಿಗೆ ಚೆನ್ನಾಗಿದೆ, ವಿಷಯ ನಮ್ಮೂರಿನದಲ್ಲ" ಎಂದು ಷರಾ ಬರೆದು, ಇಪ್ಪತ್ತಕ್ಕೆ ಎಂಟು ಅಂಕ ಹಾಕಿದೆ.

ಉತ್ತರಪತ್ರಿಕೆ ಹಿಂದಿರುಗಿಸಿದ ದಿನ ಆಕೆ ಜಗಳವಾಡಲಿಲ್ಲ. ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ಒಂದೇ ಪ್ರಶ್ನೆ ಕೇಳಿದಳು: "ಸರ, ಕರದಂಟಿನಾಗ ಖಾರೀಕು, ಗೋಡಂಬಿ ಹಾಕ್ತಾರಲ್ರಿ, ಅವು ಯಾವೂರಿನವು?"

ನಾನು ಏನೋ ಒಂದು ಹೇಳಿ ಆಕೆಯನ್ನು ಕಳಿಸಿದೆ. ಆ ಪ್ರಶ್ನೆ ಮಾತ್ರ ಹೋಗಲಿಲ್ಲ.

ಕರದಂಟು ಎಂದರೆ ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಬೆಲ್ಲದ ಪಾಕದಲ್ಲಿ ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿಗಳೊಡನೆ ಸೇರಿಸಿ ತಟ್ಟಿದರೆ ಆಯಿತು ಅದು. ಇದರಲ್ಲಿ ಬೆಲ್ಲ ನಮ್ಮದು. ಘಟಪ್ರಭೆಯ ನೀರು ಕುಡಿದ ಕಬ್ಬಿನದು. ಉತ್ತತ್ತಿ ಮರುಭೂಮಿಯ ಫಲ. ಬಾದಾಮಿ ತಂಪು ಸೀಮೆಯದು. ಗೋಡಂಬಿಯಂತೂ 16ನೆಯ ಶತಮಾನದಲ್ಲಿ ಪೋರ್ತುಗೀಜರೊಡನೆ ಬ್ರೆಜಿಲ್ಲಿನಿಂದ ಹಡಗು ಹತ್ತಿ ಬಂದದ್ದು. ಗೋಕಾಕದ ಹೆಸರನ್ನು ನಾಡಿಗೆಲ್ಲ ಸಾರಿದ ತಿನಿಸಿನ ಹೊಟ್ಟೆಯಲ್ಲಿ ಇಷ್ಟೊಂದು ಪರಸ್ಥಳಗಳಿವೆ. ಅದು ನಮ್ಮದಾದದ್ದು ಪದಾರ್ಥಗಳ ಹುಟ್ಟೂರಿನಿಂದಲ್ಲ, ಪಾಕ ಹಿಡಿದ ಕೈಯಿಂದ. ಇನ್ನು ಊರೆಂಬುದಾದರೂ ಎಷ್ಟು ಸ್ಥಿರವಾದದ್ದು? 2018ರಲ್ಲಿ ಮೂಡಲಗಿ ಪ್ರತ್ಯೇಕ ತಾಲೂಕಾಗುವವರೆಗೆ ಆ ಹುಡುಗಿಯ ಹಳ್ಳಿ ಗೋಕಾಕ ತಾಲೂಕಿನಲ್ಲೇ ಇತ್ತು. ಹೀಗಿರುವಾಗ ನಾನು ಎಳೆದ ಕೆಂಪುಗೆರೆಗೆ ಆಧಾರವೇನು?

ದೀಪಾವಳಿಯ ರಜೆಗೆ ಹುಕ್ಕೇರಿಯ ನಮ್ಮ ಹಿರಿಯರ ಮನೆಗೆ ಹೊರಟಾಗ, ಆ ಪ್ರಬಂಧವನ್ನು ಆಕೆಯಿಂದ ಮರಳಿ ಪಡೆದು ಚೀಲದಲ್ಲಿಟ್ಟುಕೊಂಡೆ. ಅಲ್ಲಿ ಎರಡನೆಯ ಪುಟದಿಂದ ಕೊನೆಯವರೆಗೆ ಮೊದಲ ಸಲ ಸಾವಧಾನವಾಗಿ ಓದಿದೆ. ಓದುತ್ತ ಹೋದಂತೆ ನಾಚಿಕೆಯಾಯಿತು. ಆಕೆ ಮಾಡುತ್ತಿದ್ದ ಕೇಕಿನಲ್ಲಿ ಪೇಟೆಯ ಬಣ್ಣವಿರಲಿಲ್ಲ, ಬೀಟ್‌ರೂಟು ಇತ್ತು. ಕ್ರೀಮ್ ಚೀಸು ಇರಲಿಲ್ಲ. ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗಹಾಕಿದ ಮೊಸರಿನ ಚಕ್ಕಾ ಇತ್ತು. ವಿದ್ಯುತ್ತಿನ ಒಲೆಯಿರಲಿಲ್ಲ, ಉಪ್ಪು ಹಾಸಿದ ದಪ್ಪ ತಳದ ಕಡಾಯಿ ಇತ್ತು. ದೊಡ್ಡ ಕೇಕಿನ ಬದಲು ಸಣ್ಣ ಜೋಡಿ ಕೇಕುಗಳನ್ನೇ ಏಕೆ ಮಾಡುತ್ತಾಳೆಂಬುದಕ್ಕೂ ಕಾರಣ ಕೊಟ್ಟಿದ್ದಳು: ದೊಡ್ಡದು ಬಸ್ಸಿನ ಕುಲುಕಿಗೆ ಮುರಿಯುತ್ತದೆ, ಸಣ್ಣವು ಸ್ಟೀಲಿನ ಡಬ್ಬಿಯಲ್ಲಿ ಸುಖವಾಗಿ ಊರು ಸೇರುತ್ತವೆ. ಗೆಳತಿಯರ ಹುಟ್ಟುಹಬ್ಬಗಳಿಗೆ ಮಾಡಿ ಕೊಟ್ಟು, ಬಂದ ಹಣದಲ್ಲಿ ಪುಸ್ತಕ ಕೊಳ್ಳುತ್ತಾಳಂತೆ.

ಇದು ನಮ್ಮೂರಿನದಲ್ಲವಾದರೆ ಯಾವೂರಿನದು?

ಈ ಕೇಕಿನ ಪೂರ್ವಚರಿತ್ರೆಯನ್ನು ಅರಸಿ ನೋಡಿದಾಗ ನನ್ನ ಷರಾ ಇನ್ನಷ್ಟು ಹಗುರವಾಯಿತು. 'ವೆಲ್ವೆಟ್' ಎಂಬ ಹೆಸರು ಅಮೆರಿಕದಲ್ಲಿ 19ನೆಯ ಶತಮಾನದಿಂದಲೂ ಬಳಕೆಯಲ್ಲಿದ್ದು, ಮೂಲತಃ ಬಣ್ಣಕ್ಕೆ ಸಂಬಂಧಿಸಿದ್ದಲ್ಲ. ಬಾಯಿಗೆ ತಾಗುವ ನುಣುಪಿಗೆ ಸಂಬಂಧಿಸಿದ್ದು. ಗೋದಿಹಿಟ್ಟಿನಲ್ಲಿರುವ ಜಿಗುಟನ್ನು ಕೊಕೊ ಪುಡಿ, ಹುಳಿ ಮಜ್ಜಿಗೆಗಳಿಂದ ಸಡಿಲಿಸಿದರೆ ಕೇಕು ಮಖಮಲ್ಲಿನಂತೆ ಮೃದುವಾಗುತ್ತದೆ. ಕೆಂಪು ಬಂದದ್ದು ಆಕಸ್ಮಿಕವಾಗಿ. ಕ್ಷಾರ ಸೇರಿಸಿ ಸಂಸ್ಕರಿಸದ ಕೊಕೊ ಪುಡಿಯಲ್ಲಿರುವ ಒಂದು ವರ್ಣದ್ರವ್ಯ ಮಜ್ಜಿಗೆಯ ಹುಳಿಗೆ ಸೇರಿದಾಗ ಕಂದುಗೆಂಪಿನ ಛಾಯೆ ತಾಳುತ್ತದೆ. ಆ ಮಂದವಾದ ಛಾಯೆಯನ್ನು ನೆತ್ತರುಗೆಂಪಾಗಿಸಿದ್ದು ಮುಂದೆ 20ನೆಯ ಶತಮಾನದಲ್ಲಿ ಬಂದ ಬಾಟಲಿಯ ಬಣ್ಣ. ಬಣ್ಣ ಮಾರುವವರಿಗೆ ಅದರಿಂದ ಲಾಭವಿತ್ತು. ಟೆಕ್ಸಾಸಿನ ಆಡಮ್ಸ್ ಕಂಪನಿ ತನ್ನ ಬಣ್ಣದೊಡನೆ ಈ ಕೇಕಿನ ವಿಧಾನವನ್ನೂ ಪ್ರಚಾರ ಮಾಡಿತು. ಹೆಸರು ಹದಕ್ಕೆ ಸಂದದ್ದು. ಕೀರ್ತಿ ಬಣ್ಣಕ್ಕೆ ಹೋಯಿತು. ಲೋಕದಲ್ಲಿ ಇಂಥದು ಹೊಸತೇನಲ್ಲ.

ನಡುವಣ ಹೂರಣದ ಕಥೆಯೂ ಹೀಗೆಯೇ ಇದೆ. ಹಳೆಯ ಕ್ರಮದಲ್ಲಿ ಹಾಲಿನಲ್ಲಿ ಹಿಟ್ಟು ಕದಡಿ ಗಂಜಿಯಂತೆ ಕಾಯಿಸಿ, ಆರಿದ ಮೇಲೆ ಬೆಣ್ಣೆ ಸಕ್ಕರೆಗಳೊಡನೆ ಕಡೆದು ಹಚ್ಚುತ್ತಿದ್ದರು. ಕ್ರೀಮ್ ಚೀಸು ಆಮೇಲೆ ಬಂದು ಆ ಸ್ಥಾನ ಹಿಡಿಯಿತು. ಆ ಚೀಸಾದರೂ ಏನು? 1872ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಚೆಸ್ಟರ್ ಎಂಬ ಊರಿನ ವಿಲಿಯಂ ಲಾರೆನ್ಸ್ ಎಂಬಾತ ಫ್ರಾನ್ಸಿನ ನ್ಯೂಷಾಟೆಲ್ ಚೀಸಿನ ಮಾದರಿಗೆ ಹೆಚ್ಚು ಕೆನೆ ಸೇರಿಸಿ ಪಡೆದ ಹೊಸ ಪದಾರ್ಥ. 1880ರ ಸುಮಾರಿಗೆ ಅದಕ್ಕೆ ಫಿಲಡೆಲ್ಫಿಯಾ ಎಂಬ ವ್ಯಾಪಾರದ ಹೆಸರು ಬಂತು. ಮಾಡುತ್ತಿದ್ದುದು ಮಾತ್ರ ನ್ಯೂಯಾರ್ಕಿನಲ್ಲಿ. ಒಳ್ಳೆಯ ಹಾಲಿಗೆ ಫಿಲಡೆಲ್ಫಿಯಾ ಹೆಸರಾದುದರಿಂದ ಆ ಹೆಸರಿಟ್ಟರು. ಅಲ್ಲಿಯ ಯಾವ ಅಧ್ಯಾಪಕನೂ ಅದರ ಅಂಚಿನಲ್ಲಿ 'ನಮ್ಮೂರಿನದಲ್ಲ' ಎಂದು ಬರೆದಂತೆ ಕಾಣೆ.

ಪ್ರಬಂಧವನ್ನು ನಮ್ಮ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೇಕನ್ನು ಎಂದೂ ಮಾಡದ, ತಿಂದದ್ದೂ ಅಪರೂಪವಾದ ಅವರಿಗೆ ಒಂದು ಮಾತನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. "ಚಪಾತಿ ಹಿಟ್ಟಿನಂಗ ನಾದಬಾರದು, ಭಜಿ ಹಿಟ್ಟಿನಕಿಂತ ತುಸು ಗಟ್ಟಿ ಇರಬೇಕು" ಎಂಬ ವಾಕ್ಯ ಬಂದಾಗ "ಹುಡುಗಿ ಶ್ಯಾಣ್ಯಾಕಿ" ಎಂದರು. ಮರುದಿನ ಮಾಡಿಯೇ ನೋಡುವುದೆಂದಾಯಿತು.

ಮಾಡಿದ ಕ್ರಮವನ್ನು ಹೇಳುತ್ತೇನೆ. ಕೈಗೆ ಸಿಗದ ಅಭಿಪ್ರಾಯಕ್ಕೆ ಬೆಲೆ ಕಡಿಮೆ. ಹಿಂದಿನ ರಾತ್ರಿಯೇ ಒಂದು ಲೀಟರು ಹಾಲಿನ ಗಟ್ಟಿ ಮೊಸರನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ ತೂಗಹಾಕಿದ್ದೆವು. ಬೆಳಿಗ್ಗೆ ನೀರೆಲ್ಲ ಇಳಿದು ಮೊಸರು ಅರ್ಧದಷ್ಟಕ್ಕೆ ಬಂದಿತ್ತು. ನಮ್ಮ ಬೆಳಗಾವಿ ಸೀಮೆಯಲ್ಲಿ ಶ್ರೀಖಂಡಕ್ಕೆ ಇದೇ ಮೊದಲ ಮೆಟ್ಟಿಲು. ಕೇಕಿಗೆ 150 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ ಪುಡಿ, ಎರಡು ಚಹದ ಚಮಚ ಕೊಕೊ, ಒಂದು ಚಮಚ ಬೇಕಿಂಗ್ ಪೌಡರು ಜರಡಿ ಹಿಡಿದು, 60 ಗ್ರಾಂ ಕರಗಿದ ಬೆಣ್ಣೆ, ಅರ್ಧ ಬಟ್ಟಲು ಹುಳಿ ಮಜ್ಜಿಗೆ, ನುಣ್ಣಗೆ ಅರೆದ ಒಂದು ಸಣ್ಣ ಬೀಟ್‌ರೂಟು ಹಾಕಿ ಕಲಸಿದೆವು. ಕಡಾಯಿಯ ತಳಕ್ಕೆ ಉಪ್ಪು ಹಾಸಿ, ಮೇಲೊಂದು ಸಿಂಬಿಯಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಬೆಣ್ಣೆ ಸವರಿದ ತಟ್ಟೆಯಲ್ಲಿ ಹಿಟ್ಟನ್ನು ಚಮಚದಿಂದ ದುಂಡಗೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಿದೆವು. ಕಾಲು ಗಂಟೆಯಲ್ಲಿ ಬೆಂದವು. ಕುಕ್ಕರಿನಲ್ಲಿ ಮಾಡುವವರು ಒಳಗೆ ನೀರು ಹಾಕದೆ, ರಬ್ಬರು ಶಿಟ್ಟಿಗಳೆರಡನ್ನೂ ತೆಗೆದೇ ಮಾಡಬೇಕು.

ಮೊದಲ ತಟ್ಟೆ ತೆರೆದಾಗ ನಮ್ಮ ಉತ್ಸಾಹ ಇಳಿಯಿತು. ಕೆಂಪೆಲ್ಲಿ? ಒಳಗೆಲ್ಲ ಮಣ್ಣಿನ ಕಂದು. ಚೆನ್ನಾಗಿ ಉಬ್ಬಲೆಂದು ನಾನೇ ಒಂದು ಚಿಟಿಕೆ ಸೋಡಾ ಹೆಚ್ಚಿಗೆ ಹಾಕಿದ್ದೆ. ಪ್ರಬಂಧವನ್ನು ಮತ್ತೆ ತೆರೆದರೆ ಅದರಲ್ಲೇ ಎಚ್ಚರಿಕೆಯಿತ್ತು: ಸೋಡಾ ಬೇಡ, ನಿಂಬೆಹುಳಿ ಬೇಕು. ಬೀಟ್‌ರೂಟಿನ ಕೆಂಪು ಹುಳಿಯಲ್ಲಿ ನಿಲ್ಲುತ್ತದೆ, ಕ್ಷಾರದಲ್ಲಿ ಕೆಡುತ್ತದೆ, ಹೆಚ್ಚು ಹೊತ್ತಿನ ಶಾಖವನ್ನೂ ತಾಳದು. ಎರಡನೆಯ ಸಲ ಬೀಟ್‌ರೂಟನ್ನು ಹಸಿಯಾಗಿಯೇ ಅರೆದು ಒಂದು ಚಮಚ ನಿಂಬೆರಸ ಸೇರಿಸಿ, ಕೊಕೊವನ್ನು ಅರ್ಧಕ್ಕೆ ಇಳಿಸಿದೆವು. ಈ ಸಲ ಬಂದದ್ದು ಅಂಗಡಿಯ ಕೆಂಪಲ್ಲ; ಹಳೆಯ ಇಳಕಲ್ಲು ಸೀರೆ ಹಲವು ಸಲ ಒಗೆದ ಮೇಲೆ ತಾಳುವಂಥ ಕೆಂಪು. ಆರಿದ ಮೇಲೆ ಚಕ್ಕಾಕ್ಕೆ ಸ್ವಲ್ಪ ಬೆಣ್ಣೆ, ಸಕ್ಕರೆ ಪುಡಿ ಸೇರಿಸಿ ನಡುವೆ ಹಚ್ಚಿದೆವು. ಇಲ್ಲಿ ಸಕ್ಕರೆಯ ಕೈ ಬಿಗಿಹಿಡಿಯಬೇಕು. ಹೆಚ್ಚಾದರೆ ಚಕ್ಕಾ ನೀರೊಡೆದು ಹೂರಣ ಜಾರುತ್ತದೆ. ತಿಂದೆವು. ಮೃದುವಾಗಿತ್ತು, ಸಿಹಿಯ ಹಿಂದೆ ಸಣ್ಣ ಹುಳಿಯಿತ್ತು. ಮಖಮಲ್ಲು ಎಂಬ ಮಾತಿಗೆ ಮೋಸವಾಗಿರಲಿಲ್ಲ.

ಬಣ್ಣದ ವಿಷಯವನ್ನು ಇಷ್ಟು ಬೆಳೆಸಲು ಕಾರಣವಿದೆ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನ ಹೊತ್ತಿಗೆ ಆಹಾರ ಸುರಕ್ಷತಾ ಇಲಾಖೆ ಕೇಕುಗಳನ್ನು ಪರೀಕ್ಷಿಸಿದ ಫಲ ಪ್ರಕಟವಾಯಿತು. 235 ಮಾದರಿಗಳಲ್ಲಿ 223 ಸುರಕ್ಷಿತವಾಗಿದ್ದವು. 12ರಲ್ಲಿ ಅಲ್ಯೂರಾ ರೆಡ್, ಪಾನ್ಸೋ, ಕಾರ್ಮೋಸಿನ್ ಮೊದಲಾದ ಕೃತಕ ಬಣ್ಣಗಳು ಅಪಾಯದ ಪ್ರಮಾಣದಲ್ಲಿ ಕಂಡುಬಂದಿದ್ದವು. ಎಚ್ಚರಿಕೆಯಲ್ಲಿ ಹೆಸರಿಸಿದ ಕೇಕುಗಳಲ್ಲಿ ರೆಡ್ ವೆಲ್ವೆಟ್ಟೂ ಒಂದು. ಸುರಕ್ಷಿತವಾದವೇ ಬಹುಪಾಲು ಎಂಬುದನ್ನು ಮರೆತು ಬೇಕರಿಯವರನ್ನೆಲ್ಲ ದೂಷಿಸುವುದು ಅನ್ಯಾಯ. ಆದರೆ ಕೆಂಪು ಹೆಚ್ಚಿದಷ್ಟೂ ಕೇಕು ಮೇಲೆಂಬ ಭ್ರಮೆ ಕೊಳ್ಳುವ ನಮ್ಮದು. ಆ ಭ್ರಮೆಯಿರುವವರೆಗೆ ಬಾಟಲಿಗೆ ಕೆಲಸ ತಪ್ಪದು. ಮಸುಕಾದ ಕೆಂಪನ್ನು ಒಪ್ಪಿಕೊಳ್ಳುವ ಕಣ್ಣು ನಮಗೆ ಬರಬೇಕು. ಅದು ಬರುವುದು ಒಂದು ಸಲವಾದರೂ ಮನೆಯಲ್ಲಿ ಮಾಡಿ, ಬೀಟ್‌ರೂಟು ಎಷ್ಟು ಕೊಡಬಲ್ಲದು, ಎಷ್ಟು ಕೊಡಲಾರದು ಎಂದು ಕಂಡಾಗ.

ಒಲೆಯಲ್ಲಿ ಬೇಯಿಸುವುದೇ ಪರಕೀಯವೆನ್ನುವವರು ನಮ್ಮಲ್ಲಿದ್ದಾರೆ. ಅವರಿಗೆ ಕನ್ನಡದ ಅಧ್ಯಾಪಕನಾಗಿ ಒಂದು ಮಾತು ಹೇಳಬಹುದು. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿಯೇ ಅಡಿಗೆಗೆ ಸ್ಥಾನವಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನಂತೂ 'ಸೂಪಶಾಸ್ತ್ರ'ವೆಂದು ಅಡಿಗೆಗಾಗಿಯೇ ಒಂದು ಕಾವ್ಯ ಬರೆದ. ಅದೂ ವಾರ್ಧಕ ಷಟ್ಪದಿಯಲ್ಲಿ. ಅವನು ಹೇಳುವ ರೊಟ್ಟಿಗಳಲ್ಲಿ ಮುಚ್ಚಳ ರೊಟ್ಟಿಯೂ ಒಂದು. ಗಟ್ಟಿಯಾಗಿ ಕಲಸಿದ ಹಿಟ್ಟನ್ನು ಎರಡು ತಟ್ಟೆಗಳ ನಡುವೆ ಇರಿಸಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸಬೇಕು. ಮೂಡಲಗಿಯ ಹುಡುಗಿಯ ಉಪ್ಪಿನ ಕಡಾಯಿ ಈ ಕೆಂಡದ ತಟ್ಟೆಗಳ ದೂರದ ನೆಂಟನಲ್ಲವೆ? ಮಂಗರಸನನ್ನು ನಾನು ತರಗತಿಯಲ್ಲಿ ಹೆಸರಿಸಿದ್ದುಂಟು. ಅವನ ಶಾಸ್ತ್ರವನ್ನು ಮುಂದುವರಿಸಿದವಳು ಎದುರಿಗೇ ಕುಳಿತಾಗ ಗುರುತಿಸಲಾರದೆ ಹೋದೆ.

ನಮ್ಮ ವ್ಯಾಕರಣಕಾರರು ಈ ವಿಷಯದಲ್ಲಿ ನನಗಿಂತ ಉದಾರಿಗಳು. ಹೊರಗಿನ ಶಬ್ದ ಇದ್ದಂತೆಯೇ ಬಂದರೆ ತತ್ಸಮ. ನಮ್ಮ ನಾಲಗೆಗೆ ಹೊಂದಿಕೊಂಡು ಬಂದರೆ ತದ್ಭವ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಈ ಎರಡನೆಯ ಬಗೆಗಾಗಿಯೇ ಒಂದು ಪ್ರಕರಣ ಮೀಸಲಿಟ್ಟ. ಶರ್ಕರಾ ನಮ್ಮಲ್ಲಿ ಸಕ್ಕರೆಯಾಯಿತು. ಅದೇ ಶಬ್ದ ಅರಬರ ಬಾಯಿಂದ ಹಾದು ಯುರೋಪಿನಲ್ಲಿ ಶುಗರ್ ಆಯಿತು. ಯಾರೂ ಸಕ್ಕರೆಯನ್ನು ಕನ್ನಡವಲ್ಲವೆನ್ನುವುದಿಲ್ಲ. ತಿನಿಸಿಗೂ ಇದೇ ನ್ಯಾಯ ಸಲ್ಲಬೇಕು. ಬಾಟಲಿಯ ಬಣ್ಣ, ಡಬ್ಬಿಯ ಚೀಸುಗಳೊಡನೆ ಬಂದದ್ದು ತತ್ಸಮ ಕೇಕು. ಅದಕ್ಕೆ ನನ್ನ ತಕರಾರಿಲ್ಲ, ಬೇಕಾದವರು ಕೊಂಡು ತಿನ್ನಲಿ. ಬೀಟ್‌ರೂಟು, ಮಜ್ಜಿಗೆ, ಚಕ್ಕಾಗಳಿಂದಾದದ್ದು ತದ್ಭವ ಕೇಕು. ಭಾಷೆ ಬೆಳೆಯುವುದು ಹೆಚ್ಚಾಗಿ ತದ್ಭವಗಳಿಂದ, ಅಡಿಗೆಮನೆಯೂ ಹಾಗೆಯೇ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಚಕ್ಕಾದಿಂದ ಮಾಡಿದ್ದು ನಿಜವಾದ ರೆಡ್ ವೆಲ್ವೆಟ್ ಅಲ್ಲವೆಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ನಿಜ, ರುಚಿ ಬೇರೆ. ಕ್ರೀಮ್ ಚೀಸಿನ ಜಿಡ್ಡು ಚಕ್ಕಾಕ್ಕೆ ಇಲ್ಲ, ಚಕ್ಕಾದ ಹುಳಿ ಅದಕ್ಕಿಲ್ಲ. ಆದರೆ ಸಕ್ಕರೆ ಶರ್ಕರಾ ಅಲ್ಲವೆಂದು ಯಾರಾದರೂ ಅಳುತ್ತಾರೆಯೆ? ಮತ್ತೊಬ್ಬರು ಮೈದಾ, ಸಕ್ಕರೆಗಳು ಆರೋಗ್ಯಕ್ಕೆ ಹಿತವಲ್ಲವೆಂದರು. ಈ ಮಾತು ಹೆಚ್ಚು ತೂಕದ್ದು. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಸಕ್ಕರೆ ಔಷಧವಾಗುವುದಿಲ್ಲ. ಹಬ್ಬದ ತಿನಿಸು ಹಬ್ಬಕ್ಕೆ ಇರಲಿ ಎಂಬ ಹಿರಿಯರ ಅಳತೆ ಕೇಕಿಗೂ ಅನ್ವಯಿಸುತ್ತದೆ.

ನನಗೆ ನಿಜವಾಗಿ ಚಿಂತೆಯಾಗಿರುವುದು ಬೇರೆ. ಈ ವಿದ್ಯೆಯನ್ನು ನಮ್ಮ ಹುಡುಗಿಯರು ಬಹುಮಟ್ಟಿಗೆ ಹಿಂದಿ ಇಂಗ್ಲಿಷುಗಳಲ್ಲಿ ನೋಡಿ ಕಲಿಯುತ್ತಾರೆ. ಕಲಿತದ್ದನ್ನು ಕನ್ನಡದಲ್ಲಿ ಒಬ್ಬಳು ಬರೆದು ತಂದಾಗ ಕನ್ನಡದ ಅಧ್ಯಾಪಕನೇ ಅಂಕ ಕಳೆಯುತ್ತಾನೆ! ಹದ, ಪಾಕ, ನಾದು, ಕಲಸು, ಜರಡಿ ಹಿಡಿ, ನೀರೊಡೆ, ಸಣ್ಣ ಉರಿ: ಆಕೆಯ ನಾಲ್ಕು ಪುಟಗಳಲ್ಲಿ ಈ ಮಾತುಗಳೆಲ್ಲ ಹೊಸ ಕೆಲಸಕ್ಕೆ ಸೊಂಟ ಕಟ್ಟಿ ನಿಂತಿದ್ದವು. ಯಾವ ಪರಿಭಾಷಾ ಸಮಿತಿಯೂ ಅವನ್ನು ನೇಮಿಸಿರಲಿಲ್ಲ. ನಾನು ಹಾಕಿದ ಎಂಟು ಅಂಕ ಆಕೆಯ ಕೇಕಿಗಲ್ಲ, ಈ ಮಾತುಗಳಿಗೆ ಬಿದ್ದ ಪೆಟ್ಟು. ಇಂಥ ಷರಾ ನಾಲ್ಕು ಸಲ ಕಂಡ ವಿದ್ಯಾರ್ಥಿ ಐದನೆಯ ಸಲ ತನ್ನ ಬದುಕನ್ನು ಬರೆಯುವುದಿಲ್ಲ; ಅಧ್ಯಾಪಕನಿಗೆ ಬೇಕಾದ ಕರದಂಟನ್ನು ಬರೆಯುತ್ತಾನೆ. ನನ್ನ ಮುಂದಿದ್ದ ಕರದಂಟಿನ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವಾಗಿದ್ದುದರ ಕಾರಣ ಈಗ ನನಗೆ ಹೊಳೆಯುತ್ತಿದೆ.

ಹೆಸರಿನ ಪ್ರಶ್ನೆಯೊಂದು ಉಳಿದಿತ್ತು. ಪಂಡಿತನ ಚಪಲ, 'ರಕ್ತಪಟ್ಟಪಿಷ್ಟಿಕೆ' ಎಂದು ನಾನೊಂದು ಸಮಾಸ ಕಟ್ಟಿದೆ. ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. ಪಕ್ಕದ ಮನೆಗೆ ಡಬ್ಬಿಯಲ್ಲಿ ಹಾಕಿ ಕಳಿಸುವಾಗ ಅವರೇ ಸಹಜವಾಗಿ "ಇವು ಕೆಂಪ ಜೋಡಿ, ತಿಂದು ನೋಡ್ರಿ" ಎಂದರು. ಸಂಜೆಯ ಹೊತ್ತಿಗೆ ಆ ಓಣಿಯಲ್ಲಿ ಅದೇ ಹೆಸರು ನಿಂತಿತ್ತು.

ರಜೆ ಮುಗಿಸಿ ಬಂದ ಮೇಲೆ ಪ್ರಬಂಧವನ್ನು ತರಗತಿಯಲ್ಲಿ ಪೂರ್ತಿಯಾಗಿ ಓದಿದೆ. ನನ್ನ ತಪ್ಪನ್ನೂ ಹೇಳಿದೆ. ಹುಡುಗರು ನಕ್ಕರು, ಆಕೆ ತಲೆ ಬಗ್ಗಿಸಿ ಕುಳಿತಿದ್ದಳು. ಹಳೆಯ ಷರಾವನ್ನು ಹೊಡೆದುಹಾಕಿ ಎಂಟನ್ನು ಹದಿನೇಳು ಮಾಡಿದ್ದೇನೆ. ಪೂರ್ತಿ ಇಪ್ಪತ್ತು ಕೊಡದಿರಲು ಕಾರಣವನ್ನು ಕೆಳಗೆ ಬರೆದಿದ್ದೇನೆ: "ಚಕ್ಕಾವನ್ನು ಎಷ್ಟು ತಾಸು ತೂಗಹಾಕಬೇಕೆಂದು ತಿಳಿಸಿಲ್ಲ. ಚಳಿಗಾಲಕ್ಕೂ ಬೇಸಿಗೆಗೂ ಇರುವ ಅಂತರವನ್ನು ನಿಮ್ಮ ಅಜ್ಜಿಯನ್ನು ಕೇಳಿ, ವಿವರವಾಗಿ ಬರೆದು ತನ್ನಿರಿ."